ಬ್ಯಾಟರಿ ಎಷ್ಟರದು ಎನ್ನುವ ಮೊದಲು ಮೋಟಾರು ಎಷ್ಟು ಎಳೆಯುತ್ತದೆ ನೋಡಿ

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಟೊಮೆಟೊ ಬೆಳೆಯುವವರಿಗೆ ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರು ಹೊಸದೇನಲ್ಲ. ನಾಲ್ಕು ಕ್ಯಾನ್ ಔಷಧಿ ಹೊಡೆಯುವಷ್ಟರಲ್ಲಿ ಚಾರ್ಜು ಇಳಿಯತೊಡಗಿದರೆ ಅಂಗಡಿಗೆ ಹೋಗಿ "ಅಣ್ಣಾ, ಎಂಟರದು ತೆಗೆದು ಹನ್ನೆರಡರದು ಹಾಕಿಕೊಡಿ" ಎನ್ನುವುದು ರೂಢಿ. ಮೋಟಾರು ಎಷ್ಟು ಕರೆಂಟು ಎಳೆಯುತ್ತದೆ ಎಂದು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ನನ್ನ ಪ್ರಕಾರ ಮೊದಲು ಗೊತ್ತಾಗಬೇಕಾದದ್ದು ಅದೇ.

ಅಂಗಡಿಯಲ್ಲಿ "ಎಂಟರದು" ಎನ್ನುವುದು ಲೆಡ್ ಆಸಿಡ್ ಬ್ಯಾಟರಿಯ ಮೇಲಿನ 8 ಆಂಪಿಯರ್-ಅವರ್ ಎಂಬ ಅಂಕಿಯನ್ನು, ಅಂದರೆ ಎಷ್ಟು ಆಂಪಿಯರ್ ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬುದರ ಗುಣಲಬ್ಧವನ್ನು. ಅದು ಸಾಮಾನ್ಯವಾಗಿ 20 ಗಂಟೆಗಳ ಲೆಕ್ಕದ್ದು. ಅಂದರೆ ಕೇವಲ 0.4 ಆಂಪಿಯರಿನಂತೆ ನಿಧಾನವಾಗಿ ಬಳಸಿದರೆ ಮಾತ್ರ ಅಷ್ಟು ಸಿಗುತ್ತದೆ. ಹೆಚ್ಚು ಎಳೆದಷ್ಟೂ ಒಟ್ಟು ಸಿಗುವುದೇ ಕಡಿಮೆಯಾಗುತ್ತದೆ ಎಂಬುದನ್ನು ಜರ್ಮನಿಯ ವಿಜ್ಞಾನಿ ಪ್ಯೂಕರ್ಟ್ 1897ರಲ್ಲೇ ಸೂತ್ರವಾಗಿ ಬರೆದಿಟ್ಟಿದ್ದಾನೆ. 36 ವ್ಯಾಟಿನ ಮೋಟಾರು 12 ವೋಲ್ಟಿನಲ್ಲಿ 3 ಆಂಪಿಯರ್ ಎಳೆಯುತ್ತದೆ, ಅಂಥವೇ ಎರಡಿರುವ ಡಬಲ್ ಮೋಟಾರಾದರೆ 6. ಆರರಿಂದ ಎಂಟನ್ನು ಭಾಗಿಸಿ ಒಂದು ಗಂಟೆ ಇಪ್ಪತ್ತು ನಿಮಿಷ ಬರುತ್ತದೆಂದು ನಂಬಿ ತೋಟಕ್ಕೆ ಇಳಿದವರಿಗೆ ಮುಕ್ಕಾಲು ಗಂಟೆ ದಾಟುವುದೇ ಕಷ್ಟ.

ಸಮಯಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬ್ಯಾಟರಿ ಹೊರಲಾರದಷ್ಟು ಕರೆಂಟು ಎಳೆದಾಗ ವೋಲ್ಟೇಜು ಕುಸಿದು, ಪಂಪಿನ ಒತ್ತಡ ಇಳಿದು, ನಾಝಲಿನಿಂದ ಮಂಜಿನಂತೆ ಬರಬೇಕಾದ ಔಷಧಿ ದಪ್ಪ ಹನಿಯಾಗಿ ಎಲೆಯ ಮೇಲಷ್ಟೇ ಬಿದ್ದು ಜಾರುತ್ತದೆ; ಎಲೆ ಮುದುರು ರೋಗ ಹರಡುವ ಬಿಳಿನೊಣ ಕೂರುವುದೋ ಎಲೆಯ ಅಡಿಯಲ್ಲಿ. ಆಮೇಲೆ ಔಷಧಿಯೇ ನಕಲಿ ಎಂದು ಅಂಗಡಿಯವನ ಜೊತೆ ಜಗಳ!

ಕ್ಯಾನಿಗೆ ನೀರು ತುಂಬಿ, ನೀವು ಬಳಸುವ ನಾಝಲನ್ನೇ ಹಾಕಿ ಗನ್ ಒತ್ತಿ ಹಿಡಿದು, ಮೋಟಾರಿಗೆ ಹೋಗುವ ಒಂದು ವೈರನ್ನು ಬಿಚ್ಚಿ, ಕರೆಂಟು ಅಳೆಯುವ ಮಲ್ಟಿಮೀಟರನ್ನು ಅದರ 10 ಆಂಪಿಯರ್ ತೂತಿಗೆ ಕಡ್ಡಿ ಸಿಕ್ಕಿಸಿ ಆ ನಡುವೆ ಜೋಡಿಸಿದರೆ ನಿಜವಾದ ಅಂಕಿ ಸಿಗುತ್ತದೆ. ನಾಝಲು ಬದಲಾದರೆ ಅದೂ ಬದಲಾಗುತ್ತದೆ. ಅಡಿಯ ಮುಚ್ಚಳ ಬಿಚ್ಚಿದಾಗಲೇ ಬ್ಯಾಟರಿಯ ಕಡ್ಡಿಗೆ ಸಿಕ್ಕಿಸಿದ ಕ್ಲಿಪ್ಪನ್ನೂ ನೋಡಿ. ಅದಕ್ಕೆ ಹಸಿರು ಕಿಲುಬು ಹಿಡಿದಿದ್ದರೆ, ಮೋಟಾರು ಓಡುವಾಗ ಮುಟ್ಟಿದರೆ ಬಿಸಿಯಾಗಿದ್ದರೆ, ನಿಮ್ಮ ಚಾರ್ಜಿನ ಒಂದು ಪಾಲು ಅಲ್ಲೇ ಸುಡುತ್ತಿದೆ. ಉಪ್ಪುಕಾಗದದಲ್ಲಿ ಉಜ್ಜಿ, ಕೂದಲೆಳೆಯಂಥ ವೈರಿದ್ದರೆ ದಪ್ಪನೆಯದು ಹಾಕಿಸಿದರೆ ಎಷ್ಟೋ ಸಲ ಹೊಸ ಬ್ಯಾಟರಿಯ ಖರ್ಚೇ ತಪ್ಪುತ್ತದೆ.

ಈಗ ಎಲ್ಲರ ಬಾಯಲ್ಲೂ ಲಿಥಿಯಂ. ತೂಕ ಕಡಿಮೆ, ಬೆನ್ನಿಗೆ ಸುಖ, ಕರೆಂಟು ಹೆಚ್ಚು ಎಳೆದರೂ ಲೆಡ್ ಆಸಿಡ್ಡಿನಷ್ಟು ಸೋಲುವುದಿಲ್ಲ, ಒಪ್ಪುತ್ತೇನೆ. ಆದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಸೆಲ್ಲಿನ ಮೇಲೆ 9900 ಮಿಲಿಆಂಪಿಯರ್-ಅವರ್ ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು. ಒಳ್ಳೆಯ ಕಂಪನಿಯ ಸೆಲ್ಲುಗಳೇ ಸಾಮಾನ್ಯವಾಗಿ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಅದೂ ಅಲ್ಲದೆ ಹೆಚ್ಚು ಹೊತ್ತು ಬರುವ ಸೆಲ್ಲು ಬೇರೆ, ಹೆಚ್ಚು ಕರೆಂಟು ಕೊಡುವ ಸೆಲ್ಲು ಬೇರೆ. ಡಬಲ್ ಮೋಟಾರಿನವರು ಎಡೆಬಿಡದೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದನ್ನು ಸೆಲ್ಲಿಗೂ, ಸೆಲ್ಲುಗಳನ್ನು ಕಾಯಲು ಪ್ಯಾಕಿನೊಳಗೆ ಇರುವ ಬಿಎಂಎಸ್ ಬೋರ್ಡಿಗೂ ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಬೋರ್ಡು ಚಿಕ್ಕದಾದರೆ ಮೋಟಾರು ಶುರುವಾಗುವ ಹೊಡೆತಕ್ಕೇ ಕಟ್ಟಾಗುತ್ತದೆ.

ಚಾರ್ಜರಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು. ಸಾಲಾಗಿ ಮೂರು ಸೆಲ್ಲಿರುವ ಸಾಮಾನ್ಯ ಲಿಥಿಯಂ ಅಯಾನ್ ಪ್ಯಾಕಿನ ಮಿತಿ 12.6 ವೋಲ್ಟು. ಹಳೆಯ ಲೆಡ್ ಆಸಿಡ್ ಚಾರ್ಜರು 14.4ರವರೆಗೆ ಏರಿದರೆ ಸೆಲ್ಲಿಗೆ 4.8 ವೋಲ್ಟು ಬೀಳುತ್ತದೆ, ಅದು ತಡೆಯುವುದು 4.2 ಮಾತ್ರ. ಬೋರ್ಡು ಕೈಕೊಟ್ಟ ದಿನ ಬೆಂಕಿಯೇ. ಪ್ಯಾಕು ಬದಲಿಸಿದ ದಿನವೇ ಹಳೆಯ ಚಾರ್ಜರಿನ ಪಿನ್ನನ್ನು ಕತ್ತರಿಸಿ ಹಾಕುವಂತೆ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಮನೆಯಲ್ಲಿ ಯಾರೋ ಗೊತ್ತಿಲ್ಲದೆ ಅದನ್ನೇ ಸಿಕ್ಕಿಸಿಬಿಡಬಾರದಲ್ಲ.