ಕೇಳದೆಯೇ ಬರುವ ಪುಟ್ಟ ಬಟ್ಟಲಿನ ಪರವಾಗಿ

ಜಪಾನಿಗೆ ಹೋಗಿ ಬಂದ ನಮ್ಮವರು ಅಲ್ಲಿನ ಇಜಾಕಾಯಗಳ, ಅಂದರೆ ಸಂಜೆ ಕೂತು ಕುಡಿದು ತಿನ್ನುವ ಅಂಗಡಿಗಳ ಬಗ್ಗೆ ಮಾತನಾಡುವಾಗ ಒಂದು ದೂರನ್ನು ಮತ್ತೆ ಮತ್ತೆ ಹೇಳುತ್ತಾರೆ. ಕುಳಿತು ಕುಡಿಯಲು ಏನಾದರೂ ಹೇಳಿದ ಕೂಡಲೇ, ಯಾರೂ ಕೇಳದಿದ್ದರೂ ಪುಟ್ಟ ಬಟ್ಟಲಿನಲ್ಲಿ ಏನೋ ತಿನಿಸು ತಂದಿಟ್ಟರು, ಕೊನೆಗೆ ಬಿಲ್ಲಿನಲ್ಲಿ ತಲೆಗೆ ಮುನ್ನೂರೋ ನಾನೂರೋ ಯೆನ್ ಸೇರಿಸಿದರು, ಇದು ಪರದೇಶದವರನ್ನು ಸುಲಿಯುವ ಉಪಾಯ ಎಂಬುದು ಆ ದೂರು. ನಾನು ಇದನ್ನು ಒಪ್ಪುವುದಿಲ್ಲ. ಒತೋಶಿ ಎಂದು ಕರೆಯುವ, ಒಸಾಕಾದ ಕಡೆ ತ್ಸುಕಿದಾಶಿ ಎನ್ನುವ ಆ ಬಟ್ಟಲಿಗೆ ಪಕ್ಕದಲ್ಲಿ ಕುಳಿತ ಜಪಾನಿ ಗಿರಾಕಿಯೂ ಅಷ್ಟೇ ಹಣ ಕೊಡುತ್ತಾನೆ. ಇಜಾಕಾಯ ಮಾರುವುದು ಮುಖ್ಯವಾಗಿ ಊಟವನ್ನಲ್ಲ, ಮದ್ಯವನ್ನೂ ಅಲ್ಲ. ಸಂಜೆಯ ಹೊತ್ತು ನಿರಾತಂಕವಾಗಿ ಕೂರುವ ಜಾಗವನ್ನು. ಆ ಜಾಗದ ಬೆಲೆಯನ್ನು ಬರಿಗೈಯಲ್ಲಿ ಕೇಳದೆ, ತಿನ್ನಲು ಏನಾದರೂ ಕೊಟ್ಟು ಕೇಳುವುದು ನನಗೆ ಮರ್ಯಾದೆಯ ನಡವಳಿಕೆಯಾಗಿಯೇ ಕಾಣುತ್ತದೆ.

ಇಜಾಕಾಯಗಳು ಹುಟ್ಟಿದ್ದೇ ಹೀಗೆ ಕೂರಲು ಜಾಗ ಕೊಟ್ಟಿದ್ದರಿಂದ. ಟೋಕಿಯೊ ಇನ್ನೂ ಎದೊ ಎನಿಸಿಕೊಂಡಿದ್ದ ಕಾಲದಲ್ಲಿ ಆ ಊರಿನ ತುಂಬ ಒಂಟಿ ಗಂಡಸರಿದ್ದರು. ಒಡೆಯರ ಹಿಂದೆ ಊರು ಬಿಟ್ಟು ಬಂದ ಸಮುರಾಯ್‌ಗಳು, ಬಡಗಿಗಳು, ಹೊರೆಯಾಳುಗಳು, ದಿನಗೂಲಿಯವರು. ಅಕ್ಕಿಯಿಂದ ತಯಾರಿಸುವ ಸಾಕೆಯನ್ನು ಅಳೆದು ಮಾರುತ್ತಿದ್ದ ಅಂಗಡಿಗಳು ಇಂಥವರಿಗೆ ಅಲ್ಲೇ ಕುಡಿಯಲು ಅವಕಾಶ ಕೊಟ್ಟವು, ಆಮೇಲೆ ನಂಜಿಕೊಳ್ಳಲು ಒಂದಿಷ್ಟು ತಿನಿಸನ್ನೂ ಇಟ್ಟವು. 1596ರಲ್ಲಿ ಆ ಊರಿನ ಕಾಂದಾ ಎಂಬ ಭಾಗದಲ್ಲಿ ಆರಂಭವಾದ ತೋಶಿಮಾಯ ಎಂಬ ಅಂಗಡಿ, ಸೋಯಾವನ್ನು ಹುದುಗಿಸಿ ಮಾಡುವ ಮಿಸೊ ಹಚ್ಚಿ ಸುಟ್ಟ ತೋಫುವನ್ನು ಕಡ್ಡಿಗೆ ಚುಚ್ಚಿ ಸಾಕೆಯ ಜೊತೆಗೆ ಅಗ್ಗವಾಗಿ ಕೊಟ್ಟು ಹೆಸರು ಮಾಡಿತು. ಆ ಮನೆತನದ ಸಾಕೆ ವ್ಯಾಪಾರ ಟೋಕಿಯೊದಲ್ಲಿ ಇಂದಿಗೂ ನಡೆದಿದೆ. ಇಂದು ಕೂಡ ಟೋಕಿಯೊದ ಮನೆಗಳು ಚಿಕ್ಕವು, ರೈಲಿನ ಪಯಣ ದೀರ್ಘವಾದದ್ದು, ಸಹೋದ್ಯೋಗಿಗಳನ್ನು ಮನೆಗೆ ಕರೆಯುವ ವಾಡಿಕೆ ಕಡಿಮೆ. ಹಾಗಾಗಿ ಕಾಂದಾ, ಶಿಂಬಾಶಿ, ಯುರಾಕುಚೊ ಸ್ಟೇಷನ್ನುಗಳ ಸುತ್ತ, ರೈಲು ಹಳಿಯ ಕಮಾನುಗಳ ಕೆಳಗೆ, ಕೆಂಪು ಕಾಗದದ ದೀಪ ತೂಗುಬಿಟ್ಟ ಈ ಅಂಗಡಿಗಳು ಸಂಜೆ ಐದಾರು ಗಂಟೆಗೆ ತುಂಬತೊಡಗುತ್ತವೆ.

ನಾನು ಹೆಚ್ಚಾಗಿ ಕುಳಿತದ್ದು ಕಾಂದಾದ ಅಂಥದೊಂದು ಅಂಗಡಿಯಲ್ಲಿ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿ. ಎಂಟೋ ಹತ್ತೋ ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುವಷ್ಟು ಉದ್ದದ ಮರದ ಹಲಗೆ, ಅದರಾಚೆ ಕಿರಿದಾದ ಇದ್ದಿಲಿನ ಒಲೆ. ಒಳಗೆ ಕಾಲಿಟ್ಟೊಡನೆ ಬಿಸಿಯಾದ ಒದ್ದೆ ಟವೆಲು ಕೈಗೆ ಬರುತ್ತದೆ, ಅದರ ಹಿಂದೆಯೇ ಒತೋಶಿ. ಅಲ್ಲಿ ಒತೋಶಿ ಎಂದರೆ ಹಿಂದಿನ ದಿನದ ಕಪಾಟಿನ ಸರಕಲ್ಲ. ಒಂದು ದಿನ ಕುಂಬಳಕಾಯಿಯನ್ನು ಮೆತ್ತಗೆ ಬೇಯಿಸಿದ್ದು, ಇನ್ನೊಂದು ದಿನ ಎಳ್ಳು ಕಲಸಿದ ಪಾಲಕ್, ಮತ್ತೊಂದು ದಿನ ಕಮಲದ ಗೆಡ್ಡೆಯ ಪಲ್ಯ. ಆ ದಿನ ಮಾರುಕಟ್ಟೆಯಲ್ಲಿ ಏನು ಚೆನ್ನಾಗಿತ್ತು, ಅಡುಗೆಯವರ ಕೈ ಹೇಗಿದೆ ಎಂಬುದನ್ನು ಆ ಎರಡು ತುತ್ತು ಹೇಳಿಬಿಡುತ್ತದೆ. ಒಲೆಯಲ್ಲಿ ಬೇರೆ ಏನಾದರೂ ಬೇಯುವವರೆಗೆ ಗಿರಾಕಿ ಬರಿದಾದ ಹಲಗೆಯನ್ನು ನೋಡುತ್ತ ಕೂರಬೇಕಾಗಿಯೂ ಇಲ್ಲ.

ಯಜಮಾನರು ಯಾಕಿತೋರಿ ಸುಡುವುದನ್ನು ನೋಡುವುದಕ್ಕೇ ನಾನು ಒಲೆಯ ಎದುರಿನ ಜಾಗ ಹಿಡಿಯುತ್ತಿದ್ದೆ. ಕೋಳಿಯ ತೊಡೆ ಮಾಂಸ ಮತ್ತು ನೇಗಿ ಎಂಬ ಉದ್ದನೆಯ ಈರುಳ್ಳಿಯನ್ನು ಒಂದರ ಪಕ್ಕ ಒಂದಾಗಿ ಚುಚ್ಚಿದ ಬಿದಿರುಕಡ್ಡಿಗಳನ್ನು ಅವರು ಒಲೆಯ ಅಂಚಿನ ಮೇಲೆ ಸಾಲಾಗಿ ಇಡುತ್ತಾರೆ. ಕಡ್ಡಿಯ ತುದಿ ಬೆಂಕಿಯಿಂದ ಹೊರಗೆ, ಮಾಂಸ ಮಾತ್ರ ಕೆಂಡದ ಮೇಲೆ. ಎಡಗೈಯಲ್ಲಿ ಬೀಸಣಿಗೆ, ಬಲಗೈಯ ಬೆರಳುಗಳು ಒಂದೊಂದೇ ಕಡ್ಡಿಯನ್ನು ಹೊರಳಿಸುತ್ತಲೇ ಇರುತ್ತವೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಎದ್ದಾಗ ಕಡ್ಡಿಗಳನ್ನು ಒಟ್ಟಿಗೆ ಎತ್ತಿ ಸೋಯಾ ಸಾಸಿನಿಂದ ಕಾಸಿದ ಸಿಹಿ ರಸದ ಮಣ್ಣಿನ ಭರಣಿಯಲ್ಲಿ ಅದ್ದಿ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ರಸ ಬೇಡ, ಬರಿಯ ಉಪ್ಪು ಸಾಕು ಎಂದರೆ ಅದೂ ಸರಿ. ಕೋಳಿಯ ಚರ್ಮ, ಹೃದಯ, ಮೆದುವಾದ ಎಲುಬು ಎಲ್ಲಕ್ಕೂ ಬೇರೆ ಬೇರೆ ಕಡ್ಡಿಗಳಿವೆ. ಒಳ್ಳೆಯ ಅಂಗಡಿಗಳು ಇದಕ್ಕೆ ಬಳಸುವ ಬಿಂಚೋತಾನ್ ಎಂಬ ಇದ್ದಿಲಿಗೆ ವಕಾಯಾಮಾ ಪ್ರಾಂತ್ಯ ಹೆಸರುವಾಸಿ. ಕಲ್ಲಿನಂತೆ ಗಟ್ಟಿಯಾದ ಆ ಇದ್ದಿಲು ಹೆಚ್ಚು ಹೊಗೆಯಿಲ್ಲದೆ ಬಹಳ ಹೊತ್ತು ಒಂದೇ ಹದದಲ್ಲಿ ಉರಿಯುತ್ತದೆ.

ಇಲ್ಲಿ ಎಲ್ಲವನ್ನೂ ಒಮ್ಮೆಗೇ ತರಿಸಿಕೊಳ್ಳುವವರು ಇಜಾಕಾಯವನ್ನು ಕಳೆದುಕೊಳ್ಳುತ್ತಾರೆ ಎನ್ನುವುದು ನನ್ನ ಅಭಿಪ್ರಾಯ. ಮೊದಲು ಬಿಯರ್, ಉಪ್ಪು ಹಾಕಿ ಬೇಯಿಸಿದ ಎದಮಾಮೆ, ಅಂದರೆ ಎಳೆಯ ಸೋಯಾ ಕಾಯಿ. ಆಮೇಲೆ ಎರಡು ಕಡ್ಡಿ. ಮಾತು ಬೆಳೆದಂತೆ ಮತ್ತೆರಡು. ತಟ್ಟೆಗಳೆಲ್ಲ ಹಲಗೆಯ ನಡುವೆ, ಎಲ್ಲರದೂ ಕೈ. ಕಡೆಗೆ ಒಂದು ಅನ್ನದುಂಡೆಯೋ, ಅನ್ನದ ಮೇಲೆ ಬಿಸಿ ಚಹಾ ಸುರಿದುಕೊಡುವ ಒಚಾಜುಕೆಯೋ ಬಂದರೆ ಸಂಜೆ ಮುಗಿಯಿತೆಂದು ಅರ್ಥ. ಮದ್ಯ ಮುಟ್ಟದವರು ಹಿಂಜರಿಯಬೇಕಾಗಿಲ್ಲ. ಊಲಾಂಗ್ ಚಹಾ ಬಹುತೇಕ ಎಲ್ಲ ಇಜಾಕಾಯಗಳಲ್ಲೂ ಸಿಗುತ್ತದೆ, ಅದನ್ನು ಹಿಡಿದುಕೊಂಡೇ ಇಡೀ ಸಂಜೆ ಕೂರುವ ಜಪಾನೀಯರೂ ಇದ್ದಾರೆ.

ದೂರಿಗೆ ನಿಜವಾದ ಆಧಾರವಿರುವುದು ಸಸ್ಯಾಹಾರಿಗಳ ವಿಷಯದಲ್ಲಿ. ಒತೋಶಿಯ ತರಕಾರಿಯನ್ನು ಬೇಯಿಸುವ ದಾಶಿ ಎಂಬ ಸಾರು ಸಾಮಾನ್ಯವಾಗಿ ಕೊಂಬು ಎಂಬ ಕಡಲಕಳೆ ಮತ್ತು ಕತ್ಸುವೊಬುಶಿ ಎಂಬ ಒಣಮೀನಿನ ಹೆರೆತದಿಂದ ಆಗುತ್ತದೆ. ಹೊರಗಿನಿಂದ ಶುದ್ಧ ತರಕಾರಿಯಂತೆ ಕಾಣುವ ಕುಂಬಳಕಾಯಿಯಲ್ಲಿ, ಕರಿದ ತೋಫುವಿನ ಸುತ್ತಲಿನ ತಿಳಿರಸದಲ್ಲಿ ಮೀನಿದೆ. ತಣ್ಣನೆಯ ತೋಫುವಿನ ಮೇಲೆ ಉದುರಿಸುವ ಎಳೆಗಳೂ ಮೀನೇ. ತಾನು ತಿನ್ನಲಾಗದ್ದಕ್ಕೆ ಹಣ ಕೊಡುವ ಸಸ್ಯಾಹಾರಿಯ ಬೇಸರ ನ್ಯಾಯವಾದದ್ದು. ಕೂರುವ ಮೊದಲೇ ಮೀನು, ಮಾಂಸ, ದಾಶಿ ಯಾವುದೂ ಆಗದೆಂದು ಸ್ಪಷ್ಟವಾಗಿ ಹೇಳಿದರೆ ಒತೋಶಿಯ ಬದಲು ಎದಮಾಮೆಯನ್ನೋ ಉಪ್ಪು ಸವರಿದ ಸೌತೆಕಾಯಿಯನ್ನೋ ಕೊಡುವ ಅಂಗಡಿಗಳಿವೆ. ಎಲ್ಲರೂ ಒಪ್ಪುತ್ತಾರೆ ಎನ್ನಲಾರೆ. ಉಪ್ಪಿನಲ್ಲಿ ಸುಟ್ಟ ಶಿಶಿತೊ ಮೆಣಸಿನಕಾಯಿ ಬಹಳ ರುಚಿಯಾಗಿರುತ್ತದೆ, ಆದರೆ ಅದು ಕೋಳಿ ಸುಟ್ಟ ಒಲೆಯ ಮೇಲೆಯೇ ಬೇಯುತ್ತದೆ ಎಂಬುದನ್ನು ಮಡಿವಂತರು ತಿಳಿದಿರಬೇಕು.

ಒತೋಶಿಯನ್ನು ನಮ್ಮ ಹೋಟೆಲುಗಳ ಸರ್ವಿಸ್ ಚಾರ್ಜಿಗೆ ಹೋಲಿಸುವವರಿದ್ದಾರೆ. ಬಿಲ್ಲಿಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಅದು ಸರಿಯಾದ ತೀರ್ಮಾನವೇ. ಆದರೆ ನಮ್ಮಲ್ಲಿ ಆ ಹಣಕ್ಕೆ ತಟ್ಟೆಗೆ ಏನೂ ಬರುವುದಿಲ್ಲ, ಅದರ ಮೇಲೆ ಟಿಪ್ಸ್ ಬೇರೆ. ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ, ಮೇಜಿನ ಮೇಲೆ ಬಿಟ್ಟ ಚಿಲ್ಲರೆಯನ್ನು ಹಿಂದಿರುಗಿಸಲು ರಸ್ತೆಯವರೆಗೂ ಬರುತ್ತಾರೆ. ಒತೋಶಿಯ ಬೆಲೆಯನ್ನು ಬಾಗಿಲ ಬಳಿಯೇ ಬರೆದು ತೂಗುಹಾಕಬೇಕು ಎಂಬ ಬೇಡಿಕೆಗೆ ಮಾತ್ರ ನನ್ನ ಪೂರ್ಣ ಒಪ್ಪಿಗೆಯಿದೆ. ಬರೆಯದೆ ಮುಚ್ಚಿಡುವ, ಪ್ರವಾಸಿಗರ ಬೀದಿಗಳಲ್ಲಿ ಮನಸ್ಸಿಗೆ ಬಂದ ಬೆಲೆ ಹಾಕುವ ಅಂಗಡಿಗಳಿಂದ ಉಳಿದವರ ಹೆಸರೂ ಕೆಡುತ್ತದೆ.

ದೊಡ್ಡ ಸರಪಳಿ ಅಂಗಡಿಗಳನ್ನು ನಾನು ಹಳಿಯುವುದಿಲ್ಲ. 1985ರಲ್ಲಿ ಒಸಾಕಾ ಸೀಮೆಯಲ್ಲಿ ಶುರುವಾದ ತೊರಿಕಿಜೋಕು ಎಲ್ಲ ತಿನಿಸು, ಪಾನೀಯಗಳಿಗೂ ಒಂದೇ ಬೆಲೆ ಇಟ್ಟು ವಿದ್ಯಾರ್ಥಿಗಳಿಗೂ ಇಜಾಕಾಯವನ್ನು ಎಟುಕಿಸಿತು. 280 ಯೆನ್ ಇದ್ದದ್ದನ್ನು 298 ಯೆನ್‌ಗೆ ಏರಿಸಿದ್ದು 2017ರಲ್ಲಿ. ಆದರೆ ಟ್ಯಾಬ್ಲೆಟ್ ಒತ್ತಿ ತಿನಿಸು ತರಿಸಿಕೊಂಡು, ಎರಡು ಗಂಟೆ ಆಯಿತೆಂದು ಎದ್ದು ಹೋಗಬೇಕಾದ ಕಡೆ ಹೊಟ್ಟೆ ತುಂಬುತ್ತದೆಯೇ ಹೊರತು ನಾನು ಹೇಳುತ್ತಿರುವ ಬಗೆಯ ಕೂರುವಿಕೆ ಸಿಗುವುದಿಲ್ಲ. ಮುದಿ ದಂಪತಿಯ ಹತ್ತು ಕುರ್ಚಿಯ ಅಂಗಡಿಗೆ ಕೋವಿಡ್ ಕಾಲದ ನಿರ್ಬಂಧಗಳು ದೊಡ್ಡ ಪೆಟ್ಟು ಕೊಟ್ಟವು, ಮುಂದೆ ನಡೆಸಿಕೊಂಡು ಹೋಗುವವರಿಲ್ಲದೆ ಬಾಗಿಲು ಹಾಕುವವರೂ ಇದ್ದಾರೆ. ಒಂದು ಬಿಯರ್, ಎರಡು ಕಡ್ಡಿ ತರಿಸಿಕೊಂಡು ಒಂದೂವರೆ ಗಂಟೆ ಕೂರುವ ನನ್ನಂಥವರಿಂದ ಅವರ ಬಾಡಿಗೆ ಹುಟ್ಟುವುದು ಆ ಮುನ್ನೂರು ಯೆನ್ನಿನಿಂದಲೇ.

ಈಗ ಬೆಂಗಳೂರಿನಲ್ಲೂ ಇಜಾಕಾಯ ಎಂಬ ಫಲಕ ಕಾಣತೊಡಗಿದೆ, ನನಗೆ ಅದರ ಬಗ್ಗೆ ಸಂತೋಷವಿದೆ. ಆದರೆ ಮಂದ ಬೆಳಕು, ದಪ್ಪ ಮೆನು, ಸಾವಿರಾರು ರೂಪಾಯಿಯ ಬಿಲ್ಲು ಸೇರಿದರೆ ಅದು ದುಬಾರಿ ಜಪಾನೀ ರೆಸ್ಟೋರೆಂಟ್ ಆಗುತ್ತದೆ, ಇಜಾಕಾಯ ಆಗುವುದಿಲ್ಲ. ಒತೋಶಿ ಬೇಕಾದರೆ ಬಿಟ್ಟುಬಿಡಲಿ. ಒಲೆಯ ಎದುರಿಗೊಂದು ಉದ್ದನೆಯ ಹಲಗೆ, ಒಂದೊಂದೇ ಕಡ್ಡಿಯಾಗಿ ತರಿಸಿಕೊಳ್ಳುವ ಸೌಕರ್ಯ, ತಿಂಗಳ ಸಂಬಳದವನು ವಾರಕ್ಕೊಮ್ಮೆ ಬರಬಹುದಾದ ಬೆಲೆ, ಸಸ್ಯಾಹಾರಿಗಳಿಗಾಗಿ ಬರಿಯ ಕೊಂಬುವಿನಿಂದ ಕಾಸಿದ ದಾಶಿ, ಇಷ್ಟನ್ನು ಯಾರಾದರೂ ಕೊಡುವುದಾದರೆ ಅವರ ಅಂಗಡಿಯ ಹಲಗೆಯ ಮುಂದೆ ಕೂರಲು ನಾನು ಮೊದಲ ವಾರವೇ ಬರುತ್ತೇನೆ.