ಬಿಡಿಸುವ ಪಥ್ಯ, ತಿನ್ನಿಸುವ ಪಥ್ಯ

ದೆಹಲಿಯಲ್ಲಿ ಮಳೆಗಾಲ ಹಿಡಿಯಿತೆಂದರೆ ನಮ್ಮ ಗಲ್ಲಿಯಲ್ಲಿ ಒಬ್ಬರಿಗಾದರೂ ಪೀಲಿಯಾ, ಅಂದರೆ ನಮ್ಮ ಕಾಮಾಲೆ, ಬಂದೇ ಬರುತ್ತದೆ. ಸುದ್ದಿ ಫೋನಿನಲ್ಲಿ ಹಾಸನ ಮುಟ್ಟಿದ ಕೂಡಲೇ ಅಮ್ಮನ ಪಟ್ಟಿ ಶುರು: "ಎಣ್ಣೆ ಬೇಡ, ಒಗ್ಗರಣೆ ಬೇಡ, ಅರಿಶಿನ ಅಂತೂ ಮುಟ್ಟಿಸ್ಲೇಬೇಡಿ. ಉಪ್ಪಿಲ್ಲದ ಮಜ್ಜಿಗೆ ಅನ್ನ ಕೊಡಿ, ನೆಲನೆಲ್ಲಿ ಅರೆದು ಹಾಲಲ್ಲಿ ಕುಡಿಸಿ." ಅದೇ ಹೊತ್ತಿಗೆ ಕೆಳಗಿನ ಮನೆಯ ಪಂಜಾಬಿ ಆಂಟಿ ಮೆಟ್ಟಿಲ ಮೇಲೆ ನಿಂತು ತಮ್ಮ ಪಟ್ಟಿ ಒಪ್ಪಿಸುತ್ತಾರೆ: ದಿನಕ್ಕೆರಡು ಲೋಟ ಕಬ್ಬಿನ ಹಾಲು, ಮೂಲಂಗಿ ಸೊಪ್ಪಿನ ರಸ, ಗ್ಲೂಕೋಸ್ ನೀರು, ಹುರಿದ ಕಡಲೆ.

ನಮ್ಮವರು ಒಂದೊಂದಾಗಿ ಬಿಡಿಸುತ್ತಾ ಹೋಗುತ್ತಾರೆ, ಇವರು ಒಂದೊಂದಾಗಿ ತಿನ್ನಿಸುತ್ತಾ ಹೋಗುತ್ತಾರೆ. ಇಷ್ಟು ವರ್ಷ ಎರಡನ್ನೂ ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟೇ. ಕಾಮಾಲೆಯಲ್ಲಿ ಕೆಡುವ ಪಿತ್ತಜನಕಾಂಗದ (ಲಿವರ್) ವಿಷಯದಲ್ಲಿ ಇಬ್ಬರೂ ಸ್ವಲ್ಪ ಕೈ ಕಟ್ಟಿ ಕೂರುವುದು ವಾಸಿ. ರಕ್ತಹೀನತೆಯ ವಿಷಯದಲ್ಲಿ ಮಾತ್ರ ಅಡುಗೆಮನೆಗೆ ನಿಜವಾಗಿಯೂ ಕೆಲಸವಿದೆ.

ದೆಹಲಿಗೂ ಕಾಮಾಲೆಗೂ ಹಳೇ ನಂಟು. 1955ರ ಕೊನೆಯಲ್ಲಿ ಯಮುನೆಯ ವಜೀರಾಬಾದ್ ನೀರೆತ್ತುವ ಜಾಗಕ್ಕೆ ಚರಂಡಿ ನೀರು ನುಗ್ಗಿ, ಕೆಲವೇ ವಾರಗಳಲ್ಲಿ ಸುಮಾರು 29,000 ಜನರ ಕಣ್ಣು ಹಳದಿಯಾಯಿತು. ಅದು ಹೆಪಟೈಟಿಸ್ ಇ ಎಂಬ ಪಿತ್ತಜನಕಾಂಗದ ಸೋಂಕು ಎಂದು ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಇವತ್ತಿಗೂ ನೀರಿನಿಂದ ಬರುವ ಕಾಮಾಲೆ ಹೆಚ್ಚಾಗಿ ಎ ಅಥವಾ ಇ ವೈರಸ್ಸಿನದು. ಬಹುಪಾಲು ಜನರಲ್ಲಿ ಕೆಲವು ವಾರಕ್ಕೆ ತಾನೇ ಇಳಿಯುತ್ತದೆ. ನಾಟಿ ವೈದ್ಯರ ಕೀರ್ತಿಯ ಗುಟ್ಟೂ ಇಲ್ಲೇ ಇದೆ. ರೋಗ ಇಳಿಮುಖವಾಗುವ ಹೊತ್ತಿಗೆ ಯಾರು ಏನು ಕೊಟ್ಟಿರುತ್ತಾರೋ ಹೆಸರು ಅವರಿಗೆ.

ಇಲ್ಲಿನ ಮಾಲೆಯ ಚಿಕಿತ್ಸೆಯನ್ನು ನೋಡಬೇಕು. ಗಿಡದ ಕಡ್ಡಿಯನ್ನು ಬೆರಳ ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ, ದಾರದಲ್ಲಿ ಒತ್ತೊತ್ತಾಗಿ ಗಂಟು ಹಾಕಿ, ರೋಗಿಯ ನೆತ್ತಿಯ ಮೇಲೆ ಸಿಂಬಿಯಂತೆ ಕೂರಿಸುತ್ತಾರೆ. ದಿನ ಕಳೆದಂತೆ ಅದು ಹಿಗ್ಗಿ ಕೊರಳಿಗಿಳಿದು ಎದೆಗೆ ಬರುತ್ತದೆ. ರೋಗವನ್ನು ಹೀರಿಕೊಂಡು ಬೆಳೆಯಿತು ಅಂತಾರೆ. ಹಸಿ ಕಡ್ಡಿ ಒಣಗಿ ಸಣ್ಣಗಾದಾಗ ಗಂಟು ಸಡಿಲಾಗಿ ದಾರ ಉದ್ದವಾಗುತ್ತದೆ, ಅಷ್ಟೇ. ಗೋಡೆಯ ಮೊಳೆಗೆ ತೂಗುಹಾಕಿದರೂ ಅದು ಬೆಳೆಯುತ್ತದೆ. ಸುಣ್ಣದ ನೀರಲ್ಲಿ ಕೈ ತೊಳೆಸಿ ನೀರು ಹಳದಿಯಾಯಿತು ನೋಡಿ ಎನ್ನುವವರೂ ಇದ್ದಾರೆ. ಅಂಗೈಗೆ ಮೊದಲೇ ಸವರಿದ ಮಾವಿನ ತೊಗಟೆಯ ರಸ ಸುಣ್ಣಕ್ಕೆ ತಾಗಿದರೆ ಯಾರ ಕೈಯಿಂದಲಾದರೂ ಆ ಬಣ್ಣ ಬರುತ್ತದೆ. ನಗುವ ಮೊದಲು ನಮ್ಮ ಕಡೆ ಕಾಮಾಲೆಗೆ ಬರೆ ಹಾಕುತ್ತಿದ್ದದ್ದನ್ನೂ ನೆನೆಯೋಣ. ಮಾಲೆಯಿಂದ ಚರ್ಮವಾದರೂ ಸುಡುವುದಿಲ್ಲ.

ಪಥ್ಯಕ್ಕೆ ಬಂದರೆ, ವಾಕರಿಕೆ ಇರುವಾಗ ಜಿಡ್ಡು ಸೇರುವುದಿಲ್ಲ, ಹಾಗಾಗಿ ಅಮ್ಮನ ಗಂಜಿ, ಮಜ್ಜಿಗೆ ಮೊದಲ ವಾರಕ್ಕೆ ಸರಿಯೇ. ಆದರೆ ಹಸಿವು ಮರಳಿದ ಮೇಲೂ ತಿಂಗಳುಗಟ್ಟಲೆ ಬೇಳೆ, ಮೊಟ್ಟೆ, ಎಣ್ಣೆ ಎಲ್ಲ ಬಿಡಿಸಿದರೆ ಮೊದಲೇ ಸೊರಗಿದ ಮೈ ಇನ್ನಷ್ಟು ಸೊರಗುತ್ತದೆ. ಅರಿಶಿನ ಬೇಡ ಎನ್ನುವುದಕ್ಕೆ ಬಣ್ಣ ಬಿಟ್ಟರೆ ಬೇರೆ ಕಾರಣ ಕಾಣೆ. ಆಂಟಿಯ ಕಬ್ಬಿನ ಹಾಲಿನಿಂದ ಒಂದಿಷ್ಟು ಶಕ್ತಿ ಬರುತ್ತದೆ, ಒಪ್ಪೋಣ. ಆದರೆ ಗಾಡಿಯವನ ಮಂಜುಗಡ್ಡೆ ಯಾವ ನೀರಿನದು? ಕಾಮಾಲೆ ಬಂದದ್ದೇ ಅಂಥ ನೀರಿನಿಂದ ಇರಬಹುದು.

ನೆಲನೆಲ್ಲಿಯನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕುವ ಹಾಗಿಲ್ಲ. 1988ರಲ್ಲಿ ಮದ್ರಾಸಿನ ಸಂಶೋಧಕರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಹೆಪಟೈಟಿಸ್ ಬಿ ಇದ್ದು ನೆಲನೆಲ್ಲಿ ತೆಗೆದುಕೊಂಡವರಲ್ಲಿ ಶೇ. 59 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು, ಬರೀ ಹುಸಿಮಾತ್ರೆ ನುಂಗಿದವರಲ್ಲಿ ಶೇ. 4ರಷ್ಟೇ. ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಕೂಡ ಈ ಗಿಡದ ಬೆನ್ನು ಹತ್ತಿದ್ದರು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ನಮ್ಮ ಹಿತ್ತಿಲ ಗಿಡಕ್ಕೆ ನ್ಯಾಯವಾದ ವಿಚಾರಣೆ ನಡೆಯಿತು, ಸಾಕ್ಷಿ ಸಾಲಲಿಲ್ಲ. ಇನ್ನು ಕೊರೊನಾ ಕಾಲದಲ್ಲಿ ಇಲ್ಲಿ ಗಿಲೋಯ್ ಎಂದು, ಅಲ್ಲಿ ಅಮೃತಬಳ್ಳಿ ಎಂದು ಮನೆಮನೆಯಲ್ಲಿ ಕಷಾಯ ಕುದಿಯಿತು. ಹಾಗೆ ಕುಡಿದ ಕೆಲವರಿಗೆ ಪಿತ್ತಜನಕಾಂಗವೇ ಕೆಟ್ಟದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಅದು ಬೇರೆ ಬಳ್ಳಿಯಿರಬೇಕು ಎಂದು ಆಯುಷ್ ಸಚಿವಾಲಯ ವಾದಿಸಿತು. ಇರಬಹುದು. ಪುಡಿ ಕೊಳ್ಳುವ ನಮಗೆ ಯಾವ ಬಳ್ಳಿ ಅಂತ ತಿಳಿಯುವ ದಾರಿ ಏನು?

ಹಾಗಾಗಿ ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ. ಎ, ಇ ಆದರೆ ವಿಶ್ರಾಂತಿ, ಕುದಿಸಿದ ನೀರು, ಸೇರಿದಷ್ಟು ಊಟ. ಬಿ, ಸಿ ಆದರೆ ವೈದ್ಯರ ಬಳಿ ಔಷಧಿ ಇದೆ. ಗರ್ಭಿಣಿಯಾದರೆ ಒಂದು ದಿನವೂ ಕಾಯುವ ಹಾಗಿಲ್ಲ. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಗುಲಿದವರಲ್ಲಿ ಶೇ. 20-25ರವರೆಗೂ ಸಾವು ಕಂಡಿದೆ. ರೋಗಿ ಮಂಪರಿಗೆ ಜಾರಿದರೆ, ಮಾತು ತೊದಲಿದರೆ, ಎಲ್ಲಾದರೂ ರಕ್ತ ಒಸರಿದರೆ ನೆಟ್ಟಗೆ ಆಸ್ಪತ್ರೆಗೆ ಹೋಗಬೇಕು.

ರಕ್ತಹೀನತೆಯ ಕತೆ ಬೇರೆ. ಇಲ್ಲಿ ನನ್ನ ಮತ ತಿನ್ನಿಸುವವರಿಗೆ, ಏನು ತಿನ್ನಿಸುತ್ತಾರೆ ಎಂಬುದನ್ನು ಬಿಟ್ಟು. ಕಾಮಾಲೆಗೆ ಹಳದಿ ಬೇಡ ಎಂದ ತರ್ಕವೇ ರಕ್ತಕ್ಕೆ ಕೆಂಪು ಬೇಕು ಎನ್ನುತ್ತದೆ: ಬೀಟ್‌ರೂಟ್, ದಾಳಿಂಬೆ. ಎರಡೂ ಊರಿನವರು ಇದನ್ನು ನಂಬುತ್ತಾರೆ. ಆದರೆ 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣದ ಅಂಶ 1 ಮಿ.ಗ್ರಾಂ ಕೂಡ ಇಲ್ಲ, ದಾಳಿಂಬೆಯಲ್ಲಿ ಇನ್ನೂ ಕಮ್ಮಿ. ಬಣ್ಣದಲ್ಲಿ ಬಡವಾದ ರಾಗಿ, ನುಗ್ಗೆಸೊಪ್ಪುಗಳಲ್ಲಿ ನಾಲ್ಕೂವರೆ ಮಿ.ಗ್ರಾಂ ಸುತ್ತಮುತ್ತ ಇದೆ. ಇವರ ಬಾಜ್ರಾ, ಅಂದರೆ ನಮ್ಮ ಸಜ್ಜೆ, ಅದಕ್ಕಿಂತ ಒಂದು ಕೈ ಮೇಲು. ಚಳಿಗಾಲದಲ್ಲಿ ಐಎನ್‌ಎ ಮಾರ್ಕೆಟ್ಟಿಗೆ ನುಗ್ಗೆಸೊಪ್ಪು ಹುಡುಕಿಕೊಂಡು ಹೋಗುವ ಕನ್ನಡಿಗರು ಮನೆ ಬಾಗಿಲಿಗೆ ಬರುವ ಬಥುವಾವನ್ನು ಬಿಡುತ್ತಾರೆ. ಅದು ನಮ್ಮ ಚಕ್ಕೋತ ಸೊಪ್ಪೇ ಅಲ್ಲವೇ? ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಾಕಿ ಬೇಯಿಸಿದರೆ ಬಾಣಲೆಯ ಕಬ್ಬಿಣವೂ ಒಂದಿಷ್ಟು ಸಾರಿಗಿಳಿಯುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ.

ಇಲ್ಲಿನವರು ಎಡವುವುದು ಊಟದ ಬೆನ್ನಿಗೇ ಕುಡಿಯುವ ಚಹಾದಲ್ಲಿ. ತಿಂದ ಸೊಪ್ಪಿನ ಕಬ್ಬಿಣವನ್ನು ಚಹಾದ ಒಗರು ಹಿಡಿದಿಟ್ಟುಕೊಳ್ಳುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ ಎಂದರೆ ಆಂಟಿ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ.

ಹಿಮೋಗ್ಲೋಬಿನ್ ತೀರ ಇಳಿದಿದ್ದರೆ ಯಾವ ಅಡುಗೆಯೂ ಸಾಲದು. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಒಂದು ಕಬ್ಬಿಣದ ಮಾತ್ರೆಯಲ್ಲಿ 60 ಮಿ.ಗ್ರಾಂ ಇರುತ್ತದೆ. ಅಷ್ಟು ಕಬ್ಬಿಣಕ್ಕೆ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ರಾಗಿ ತಿನ್ನಬೇಕು. ಮುದ್ದೆಯ ಮೇಲೆ ಎಷ್ಟೇ ಅಭಿಮಾನವಿದ್ದರೂ ಅದು ಆಗದ ಮಾತು.

ಮಾತ್ರೆಗೂ ಜಗ್ಗದ ರಕ್ತಹೀನತೆ ಇದೆ ಎಂದು ನಾನು ಕಲಿತದ್ದು ಇಲ್ಲಿಯೇ. ಆಂಟಿಯ ಸೊಸೆ ವರ್ಷಗಟ್ಟಲೆ ಬೆಲ್ಲ, ಕಡಲೆ, ಟಾನಿಕ್ಕು ಎಲ್ಲ ತಿಂದರೂ ಹಿಮೋಗ್ಲೋಬಿನ್ 10ರಿಂದ ಮೇಲೇರಲಿಲ್ಲ. ಕೊನೆಗೆ ಎಚ್‌ಬಿಎ2 ಎಂಬ ರಕ್ತ ಪರೀಕ್ಷೆ ಮಾಡಿಸಿದಾಗ, ವಂಶದಲ್ಲಿ ಹರಿದು ಬರುವ ರಕ್ತದ ದೋಷವಾದ ಥಲಸ್ಸೀಮಿಯಾದ ವಾಹಕಿ ಎಂದು ತಿಳಿಯಿತು. ಪಂಜಾಬಿ, ಸಿಂಧಿ ಮನೆತನಗಳಲ್ಲಿ ಇದು ಹೆಚ್ಚು. ವಾಹಕರಿಗೆ ಅಂಥ ತೊಂದರೆ ಇಲ್ಲ, ಕಬ್ಬಿಣ ಕಮ್ಮಿಯಿಲ್ಲದಿದ್ದರೆ ಟಾನಿಕ್ಕೂ ಬೇಕಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲೊಂದು ಪಾಲು, ಮಗುವಿಗೆ ಜೀವಮಾನವಿಡೀ ರಕ್ತ ಏರಿಸಬೇಕಾದ ರೋಗ ಬರುವ ಸಂಭವ. ಆಂಟಿ ಈಗ ಕಿರಿಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಮೊದಲು ಅವನನ್ನೇ ಲ್ಯಾಬಿಗೆ ಕಳಿಸಿದ್ದಾರೆ, ಕಬ್ಬಿನ ಹಾಲಿನ ಮಾತು ಎತ್ತದೆ.