ಎರವಲು ಕಂಠದ ಖಾನಸಾಹೇಬರು

ಪುಣೆಯಲ್ಲಿ ನಾಟಕಕ್ಕೆ ಹೋಗುವವರು ಮೂರನೆಯ ಗಂಟೆ ಬಾರಿಸುವುದರೊಳಗೆ ಕುರ್ಚಿಯಲ್ಲಿ ಕೂತಿರಬೇಕು, ಮಧ್ಯಂತರದಲ್ಲಿ ಬಟಾಟೆವಡೆ ತಿನ್ನಬೇಕು, ಆಡುತ್ತಿರುವುದು ಸಂಗೀತ ನಾಟಕವಾಗಿದ್ದರೆ ಮೆಚ್ಚಿದ ಪದಕ್ಕೆ ‘ಒನ್ಸ್ ಮೋರ್’ ಎಂದು ಕೂಗಲು ಸಂಕೋಚಪಡಬಾರದು. ಧಾರವಾಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನನ್ನಂಥವರಿಗೆ ಮೊದಲೆರಡನ್ನು ರೂಢಿ ಮಾಡಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು. ಮೂರನೆಯದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ, ಏಕೆಂದರೆ ಕಂಪನಿ ನಾಟಕಗಳ ಕಾಲದಲ್ಲಿ ನಮ್ಮ ಹಿರಿಯರು ಕೂಗಿದ್ದೂ ಅದನ್ನೇ.

ಈ ಮರಾಠಿ ರಂಗಭೂಮಿಯೊಡನೆ ಕನ್ನಡಿಗರಾದ ನಮ್ಮ ನಂಟು ಹಳೆಯದು. ಕರ್ನಾಟಕದ ಮೇಳದವರ ಆಟವನ್ನು ನೋಡಿದ ಸಾಂಗಲಿಯ ಅರಸರು ಅಂಥದೇ ಒಂದನ್ನು ಮರಾಠಿಯಲ್ಲಿ ಕಟ್ಟಲು ಹೇಳಿದ್ದರಿಂದ 1843ರಲ್ಲಿ ವಿಷ್ಣುದಾಸ ಭಾವೆಯವರ ನಾಟಕ ಹುಟ್ಟಿತು, 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಕುಂದಗೋಳದ ಸವಾಯಿ ಗಂಧರ್ವರಂತೂ ಇದೇ ರಂಗದ ಮೇಲೆ ಹೆಣ್ಣುಪಾತ್ರ ಹಾಕಿ ಹಾಡಿದವರು. ಈ ಪರಂಪರೆಯಲ್ಲಿ ಬಣ್ಣ ಹಚ್ಚಿದವನೇ ಹಾಡಬೇಕು. ದೇಹ ಒಬ್ಬನದು, ಕಂಠ ಇನ್ನೊಬ್ಬನದು ಎಂಬ ಏರ್ಪಾಡು ಅಲ್ಲಿ ನಡೆಯುವುದಿಲ್ಲ.

‘ಕಟ್ಯಾರ ಕಾಳಜಾತ ಘುಸಲಿ’ (ಕಠಾರಿ ಎದೆಯೊಳಗೆ ಹೊಕ್ಕಿತು) ಎಂಬ ಮರಾಠಿ ಸಂಗೀತ ನಾಟಕ ಸಿನಿಮಾ ಆದಾಗ ನನ್ನನ್ನು ಕಾಡಿದ್ದು ಈ ನಿಯಮವೇ. ಪುರುಷೋತ್ತಮ ದಾರವ್ಹೇಕರರು ಬರೆದ ಈ ನಾಟಕ 1967ರಲ್ಲಿ ರಂಗಕ್ಕೆ ಬಂತು. ಗೋವೆಯ ಮಂಗೇಶಿಯ ಜಿತೇಂದ್ರ ಅಭಿಷೇಕಿಯವರು ಸಂಗೀತ ಕೊಟ್ಟರು, ವಸಂತರಾವ್ ದೇಶಪಾಂಡೆಯವರು ಖಾನಸಾಹೇಬರಾಗಿ ನಟಿಸಿ ಹಾಡಿದರು. ವಿಶ್ರಾಮಪುರವೆಂಬ ಸಂಸ್ಥಾನದಲ್ಲಿ ಪಂಡಿತ ಭಾನುಶಂಕರ ಶಾಸ್ತ್ರಿ ಮತ್ತು ಖಾನಸಾಹೇಬ ಆಫ್ತಾಬ್ ಹುಸೇನ್ ಎಂಬ ಇಬ್ಬರು ಗಾಯಕರ ನಡುವೆ ಆಸ್ಥಾನದ ಪಟ್ಟಕ್ಕಾಗಿ ಸ್ಪರ್ಧೆ. ಗೆದ್ದವನಿಗೆ ಹವೇಲಿಯ ಜೊತೆಗೆ ಒಂದು ಕಠಾರಿ ದೊರೆಯುತ್ತದೆ, ಆ ಕಠಾರಿಯಿಂದ ಒಂದು ಕೊಲೆ ಮಾಡಿದರೆ ಅದಕ್ಕೆ ಮಾಫಿ ಇರುತ್ತದೆ. ಸಂಗೀತಗಾರನಿಗೆ ಇಂಥ ಬಹುಮಾನ ಕೊಡುವ ಅರಸನ ತಲೆ ಎಂಥದಿರಬೇಕು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಆದರೆ ಗವಾಯಿಗಳ ಹೊಟ್ಟೆಕಿಚ್ಚಿನ ಕತೆಗಳನ್ನು ಕೇಳಿ ಬೆಳೆದವರಿಗೆ ಅರಸನು ಮಾಫಿಯನ್ನು ಒಂದಕ್ಕೇ ನಿಲ್ಲಿಸಿದ್ದು ಜಾಣತನವೆನಿಸೀತು.

ನಾಟಕದ ನಿಜವಾದ ವೈಭವವಿರುವುದು ಎರಡು ಗಾಯನಶೈಲಿಗಳ ಮುಖಾಮುಖಿಯಲ್ಲಿ. ‘ಘೇಈ ಛಂದ ಮಕರಂದ’ ಎಂಬ ಒಂದೇ ಪದವನ್ನು ಪಂಡಿತರ ರೀತಿಯಲ್ಲಿ ಸಾಲಗವರಾಳಿ ರಾಗದಲ್ಲಿ ನಿಧಾನವಾಗಿ ಅರಳಿಸಿದ ಅಭಿಷೇಕಿಯವರು ಖಾನಸಾಹೇಬರಿಗೆ ಅದನ್ನೇ ಧಾನಿ ರಾಗದಲ್ಲಿ ಕಟ್ಟಿಕೊಟ್ಟಾಗ ಘರಾಣೆ, ಅಂದರೆ ಹಾಡುಗಾರಿಕೆಯ ಮನೆತನ, ಎಂದರೇನು ಎಂಬುದನ್ನು ವಿವರಿಸಲು ಒಂದು ಮಾತೂ ಬೇಕಾಗುವುದಿಲ್ಲ.

2015ರಲ್ಲಿ ಸುಬೋಧ್ ಭಾವೆಯವರು ಇದನ್ನು ಸಿನಿಮಾ ಮಾಡಿದರು. ಅವರು ರಂಗದ ಒಳಗಿನವರೇ. ಈ ನಾಟಕವನ್ನು ಹೊಸದಾಗಿ ರಂಗಕ್ಕೆ ತಂದಿದ್ದವರು. ಆದ್ದರಿಂದ ಸಿನಿಮಾದಲ್ಲಿ ಎಲ್ಲಿಯೂ ಮೂಲದ ಬಗ್ಗೆ ಅಸಡ್ಡೆ ಕಾಣುವುದಿಲ್ಲ. ನಾಟಕವು ಹೆಚ್ಚಾಗಿ ಮಾತಿನಲ್ಲೇ ದಾಟಿಸುವ ಹಿಂದಿನ ಕತೆಯನ್ನು ಅವರು ಬಿಡಿಸಿ ತೋರಿಸಿದರು. ವರ್ಷವರ್ಷವೂ ಸೋಲುವ ಖಾನಸಾಹೇಬರ ಮುಖದ ಮೇಲೆ ವಿನಯ ಕರಗಿ ವಿಷವೇರುವುದನ್ನು ಸಚಿನ್ ಪಿಳಗಾಂವಕರ್ ಹುಬ್ಬಿನ ಅಂಚಿನಲ್ಲಿ, ಪಾನ್ ಜಗಿಯುತ್ತ ಬಿಗಿಯಾಗುವ ದವಡೆಯಲ್ಲಿ ತೋರಿಸುತ್ತಾರೆ. ರಂಗಮಂದಿರದ ಬಾಲ್ಕನಿಯ ಟಿಕೀಟು ತೆಗೆದುಕೊಂಡು ಕೂತವನಿಗೆ ಇಂಥ ಸೂಕ್ಷ್ಮ ಎಂದಾದರೂ ಕಂಡೀತೆ? ಸಿನಿಮಾಕ್ಕೆ ಸಂಗೀತ ಕೊಟ್ಟ ಶಂಕರ್-ಎಹಸಾನ್-ಲಾಯ್ ತ್ರಯರು ಅಭಿಷೇಕಿಯವರ ಹಾಡುಗಳ ಪಕ್ಕದಲ್ಲಿ ತಮ್ಮ ಹೊಸ ಹಾಡುಗಳನ್ನು ಇಟ್ಟದ್ದಕ್ಕೂ ಎದೆಗಾರಿಕೆ ಬೇಕಿತ್ತು. ಅವುಗಳಲ್ಲಿ ಕೆಲವು ನಿಲ್ಲುತ್ತವೆ. ‘ದಿಲ್ ಕೀ ತಪಿಶ್’ ಅಂತೂ ನಿಂತು ಬೆಳೆಯುತ್ತದೆ.

ಇನ್ನು ನನ್ನ ತಕರಾರು. ಸಚಿನ್ ಅವರ ಬಾಯಿಂದ ಬರುವುದು ರಾಹುಲ್ ದೇಶಪಾಂಡೆಯವರ ಕಂಠ, ಪಂಡಿತರ ಶಿಷ್ಯ ಸದಾಶಿವನಾಗಿ ನಟಿಸಿದ ಸುಬೋಧ್ ಅವರ ಬಾಯಿಂದ ಬರುವುದು ಮಹೇಶ್ ಕಾಳೆಯವರದು. ಸಿನಿಮಾದ ಮಟ್ಟಿಗೆ ಇದು ದಿನನಿತ್ಯದ ವ್ಯವಹಾರ, ದೂರುವಂಥದೇನೂ ಅಲ್ಲ. ಆದರೆ ಇದು ಎಂಥ ಕತೆ ನೋಡಿ: ಒಬ್ಬ ಗಾಯಕನಿಗೆ ಸಿಂಧೂರ ತಿನ್ನಿಸಿ ಅವನ ಕಂಠವನ್ನು ಕೆಡಿಸುವುದು, ಇನ್ನೊಬ್ಬನು ಆಳಿನ ವೇಷದಲ್ಲಿ ಹವೇಲಿ ಹೊಕ್ಕು ಕದ್ದು ಕೇಳಿ ವಿದ್ಯೆ ಕಲಿಯುವುದು. ಕಂಠವೇ ಕತೆಯ ಆಸ್ತಿಯಾಗಿರುವಲ್ಲಿ ಪಾತ್ರಗಳೇ ಎರವಲು ಕಂಠ ತಂದು ಹಾಡಿದರೆ ಕಣ್ಣಿಗೂ ಕಿವಿಗೂ ನಡುವೆ ಸಣ್ಣದೊಂದು ಬಿರುಕು ಬೀಳುತ್ತದೆ. ವಸಂತರಾವ್ ಅವರ ಮೊಮ್ಮಗ ರಾಹುಲ್ ಮತ್ತು ಮಹೇಶ್ ಕಾಳೆ ಇಬ್ಬರೂ ಸುಬೋಧ್ ನಿರ್ದೇಶಿಸಿದ ರಂಗಪ್ರಯೋಗದಲ್ಲಿ ಖುದ್ದಾಗಿ ಬಣ್ಣ ಹಚ್ಚಿ ಹಾಡಿದ್ದವರು ಎಂಬುದು ನೆನಪಾದರೆ ಆ ಬಿರುಕು ಇನ್ನಷ್ಟು ಅಗಲವಾಗುತ್ತದೆ.

ಇಡೀ ಸಿನಿಮಾದ ಮುಖ್ಯ ಗಾಯಕರಲ್ಲಿ ಮುಖ ಮತ್ತು ದನಿ ಎರಡೂ ಒಬ್ಬರದೇ ಆಗಿರುವುದು ಪಂಡಿತರ ಪಾತ್ರದ ಶಂಕರ್ ಮಹಾದೇವನ್ ಅವರಲ್ಲಿ. ಅವರು ದೊಡ್ಡ ನಟರೇನಲ್ಲ, ಮಾತಾಡುವಾಗ ತುಸು ತಡವರಿಸುತ್ತಾರೆ. ಆದರೆ ಹಾಡಲು ತೊಡಗಿದರೆ ಕೊರಳಿನ ನರ ಏಳುವುದು ಸ್ವರ ಏರುವ ಗಳಿಗೆಗೇ, ಕಣ್ಣು ಮುಚ್ಚುವುದು ಷಡ್ಜ ಮುಟ್ಟಿದ ಮೇಲೇ. ಕತೆಯಲ್ಲಿ ದನಿ ಕಳೆದುಕೊಳ್ಳುವವರೂ ಅವರೇ ಆದದ್ದರಿಂದ ಆ ನಷ್ಟ ಪ್ರೇಕ್ಷಕನಿಗೆ ನೇರವಾಗಿ ತಟ್ಟುತ್ತದೆ. ನಿರ್ದೇಶಕರು ಇದನ್ನು ಲೆಕ್ಕ ಹಾಕಿಯೇ ಮಾಡಿದ್ದರೆ ಅವರಿಗೆ ನನ್ನ ನಮಸ್ಕಾರ.

ಕ್ಯಾಮೆರಾದ ಚಡಪಡಿಕೆಗೆ ಮಾತ್ರ ನಾನು ನಮಸ್ಕಾರ ಹೇಳಲಾರೆ. ಗಾಯಕನ ತಾನ್ (ವೇಗದ ಸ್ವರಗಳ ಸಾಲು) ಅರ್ಧಕ್ಕೆ ಬಂದಿರುವಾಗ ದೃಶ್ಯ ಬದಲಾಗಿ ಅರಸನ ಮುಖ, ಮತ್ತೆ ಬದಲಾಗಿ ದೀಪದ ಸಾಲು, ಮತ್ತೆ ತಲೆದೂಗುವ ದರ್ಬಾರು. ಪಂಕ್ತಿಯಲ್ಲಿ ಊಟಕ್ಕೆ ಕೂತವನ ಎಲೆಯನ್ನು ತುತ್ತಿಗೊಮ್ಮೆ ಎಳೆದಂತಾಗುತ್ತದೆ. ರಂಗದ ಮೇಲೆ ಆರ್ಗನ್, ತಬಲಾ ಇವಿಷ್ಟರ ನಡುವೆ ಬಯಲಾಗಿ ನಿಲ್ಲುತ್ತಿದ್ದ ಸ್ವರದ ಕೆಳಗೆ ಇಲ್ಲಿ ಹಿನ್ನೆಲೆ ವಾದ್ಯಗಳ ಹಾಸಿಗೆ. ದುಃಖ ಬರುವ ಮೊದಲೇ ಪಿಟೀಲುಗಳು ಅದರ ಸುದ್ದಿ ತಂದಿರುತ್ತವೆ.

‘ಒನ್ಸ್ ಮೋರ್’ ವಿಷಯಕ್ಕೆ ನನ್ನ ಹೆಂಡತಿಯ ನಿಲುವು ಬೇರೆ. “ಅಲ್ಲರೀ, ರಿಮೋಟ್ ಕೈಯಾಗೈತಿ, ಹಿಂದಕ್ಕ ಒತ್ರಿ, ಎಷ್ಟು ಸರತೆ ಬೇಕು ಅಷ್ಟು ಕೇಳ್ರಿ” ಎಂದು ಅವಳು ಬಗೆಹರಿಸಿಬಿಡುತ್ತಾಳೆ. ಅವಳ ಮಾತು ತಪ್ಪಲ್ಲ. ಆದರೆ ರಂಗದ ಮೇಲೆ ಎರಡನೆಯ ಸಲ ಹಾಡುವ ನಟನು ಮೊದಲಿನದನ್ನೇ ಮರಳಿ ಹಾಡುವುದಿಲ್ಲ. ಸಭೆಯ ಮೆಚ್ಚುಗೆ ತಲೆಗೇರಿ ಒಂದು ಹೊಸ ತಿರುವು ಹಾಕುತ್ತಾನೆ, ಕೆಲವೊಮ್ಮೆ ಉಸಿರು ಸಾಲದೆ ಎಡವುತ್ತಾನೆ, ಆ ಎಡವಿದ್ದನ್ನು ತಾಳದ ಸಮಕ್ಕೆ, ಅಂದರೆ ಮೊದಲ ಪೆಟ್ಟಿಗೆ, ತಂದು ಮುಟ್ಟಿಸಿದಾಗ ಚಪ್ಪಾಳೆ ಇಮ್ಮಡಿಯಾಗುತ್ತದೆ. ರಿಮೋಟು ಕೊಡುವುದು ಅದೇ ತಾನ್, ಅದೇ ಉಸಿರು.

ಆದರೂ ಈ ಸಿನಿಮಾ ಬಂದದ್ದು ಒಳ್ಳೆಯದಾಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ‘ಅರುಣಿ ಕಿರಣಿ’ ಹಾಡಿಗಾಗಿ ಮಹೇಶ್ ಕಾಳೆಯವರಿಗೆ ರಾಷ್ಟ್ರಪ್ರಶಸ್ತಿ ಬಂತು, ಎರವಲು ಕೊಟ್ಟ ಕಂಠಕ್ಕೆ ಹೆಸರು ದಕ್ಕಿತು. ಕಾಲೇಜಿನ ಹುಡುಗರು ನಾಟ್ಯಪದಗಳನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೇಳತೊಡಗಿದರು. ಪುಣೆಯ ಕೋಥರೂಡಿನಲ್ಲಿರುವ ನನ್ನ ತಮ್ಮನ ಮಗಳೂ ಅವರಲ್ಲೊಬ್ಬಳು. ಸಿನಿಮಾವನ್ನು ಬಾಯಿಪಾಠ ಮಾಡಿದ್ದ ಅವಳನ್ನು ರಾಹುಲ್ ದೇಶಪಾಂಡೆಯವರ ಸಂಗೀತ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಅವರು ಖಾನಸಾಹೇಬರ ಪದವಾದ ‘ಸುರತ ಪಿಯಾ ಕೀ’ ಎತ್ತಿಕೊಂಡು ಎರಡು ಆವರ್ತನ ಮುಗಿಸುವುದರೊಳಗೆ ನನ್ನ ತೋಳು ಹಿಡಿದು, “ಕಾಕಾ, ಇವರು ಥೇಟ್ ಖಾನಸಾಹೇಬರ ದನೀನ ತಗೀತಾರಲ್ಲ!” ಎಂದಳು.